ವೀಡ್ ಕಟರ್ ಸ್ಟಾರ್ಟ್ ಆಗ್ತಿಲ್ವಾ? ಮಷೀನು ಬೈಯೋ ಮೊದಲು ಕ್ಯಾನ್‌ನಲ್ಲಿರೋ ಪೆಟ್ರೋಲ್ ನೋಡಿ

ಕಡೂರು: ಮುಂಗಾರಿನ ನಾಲ್ಕು ಹದ ಮಳೆ ಬಿದ್ದರೆ ಸಾಕು, ತರೀಕೆರೆ, ಲಕ್ಕವಳ್ಳಿ, ಲಿಂಗದಹಳ್ಳಿ ಕಡೆಯ ಅಡಿಕೆ ತೋಟಗಳಲ್ಲಿ ಹುಲ್ಲು ಮೊಣಕಾಲುದ್ದ ಎದ್ದು ನಿಲ್ಲುತ್ತೆ. ಆಗ ಎಲ್ಲರಿಗೂ ಒಂದೇ ಸಲ ನೆನಪಾಗೋದು ಕೊಟ್ಟಿಗೆ ಮೂಲೆಯಲ್ಲಿ ಆರು ತಿಂಗಳಿಂದ ಒರಗಿಸಿಟ್ಟ ವೀಡ್ ಕಟರ್. ಹೊರಗೆ ತಂದು, ಧೂಳು ಒರೆಸಿ ಹಗ್ಗ ಎಳೆದರೆ 'ಪುಸ್' ಅನ್ನುತ್ತೆ, ಅಷ್ಟೆ. ಇಪ್ಪತ್ತು ಸಲ ಎಳೆದರೂ ಅದೇ ಕಥೆ. ತೋಳು ನೋವು ಬಂದ ಮೇಲೆ ಮಷೀನು ಬೈಕಿಗೆ ಕಟ್ಟಿಕೊಂಡು ಪೇಟೆಯ ಮೆಕ್ಯಾನಿಕ್ ಹತ್ರ ಹೋಗಬೇಕು. ಅಲ್ಲಿ ಅದಾಗಲೇ ಹತ್ತು ಮಷೀನು ಸಾಲಾಗಿ ಮಲಗಿರುತ್ತವೆ.

ಇದು ಬರೀ ತೋಟದವರ ಸಮಸ್ಯೆ ಅಲ್ಲ. ಅಜ್ಜಂಪುರ, ಶಿವನಿ ಭಾಗದ ಈರುಳ್ಳಿ ಹೊಲದಲ್ಲಿ ಔಷಧಿ ಹೊಡೆಯೋ ಪವರ್ ಸ್ಪ್ರೇಯರ್, ಹಳ್ಳದಿಂದ ನೀರೆತ್ತೋ ಸಣ್ಣ ಪಂಪು, ಕಡೂರು, ಬೀರೂರು ಪೇಟೆಯಲ್ಲಿ ಕರೆಂಟ್ ಹೋದ ಕೂಡಲೇ ಅಂಗಡಿ ಮುಂದೆ ಗುರ್ ಅನ್ನೋ ಜನರೇಟರ್, ಅಂತರಘಟ್ಟೆ ಜಾತ್ರೆಯ ಮಳಿಗೆಗಳಲ್ಲಿ ದೀಪ ಉರಿಸೋ ಪೆಟ್ಟಿಗೆ ಎಲ್ಲದರ ಹೊಟ್ಟೆಯಲ್ಲೂ ಇರೋದು ಒಂದೇ ಜಾತಿಯ ಸಣ್ಣ ಪೆಟ್ರೋಲ್ ಎಂಜಿನ್. ಸ್ವಂತ ಮಷೀನು ಹೆಗಲಿಗೆ ಹಾಕಿಕೊಂಡು ತೋಟದಿಂದ ತೋಟಕ್ಕೆ ಹೋಗಿ ಹುಲ್ಲು ಹೊಡೆಯೋ ಹುಡುಗರಿಗಂತೂ ಅದು ನಿಂತರೆ ಆ ದಿನದ ಕೂಲಿಯೇ ನಿಂತಂಗೆ.

ವಿಷಯ ಏನಂದ್ರೆ, ಇಂಥ ಎಂಜಿನ್‌ಗಳು ದುಡಿದು ದುಡಿದು ಸವೆದು ಸಾಯೋದು ಕಡಿಮೆ. ತಪ್ಪು ಎಣ್ಣೆ, ಹಳೇ ಪೆಟ್ರೋಲ್, ಧೂಳು ಈ ಮೂರರಿಂದ ಸಾಯೋದೇ ಜಾಸ್ತಿ. ಒಳಗೆ ಏನು ನಡೀತಿದೆ ಅಂತ ಒಮ್ಮೆ ತಿಳಿದುಕೊಂಡರೆ ಮೂರನ್ನೂ ಮನೆಯಲ್ಲೇ ತಪ್ಪಿಸಬಹುದು.

ಹಗ್ಗ ಎಳೆದಾಗ ಆಗೋದೇನು?

ಎಂಜಿನ್‌ಗೆ ಬೇಕಿರೋದು ಪೆಟ್ರೋಲ್ ಆವಿ, ಗಾಳಿ, ಕಿಡಿ ಮತ್ತು ಇವೆಲ್ಲವನ್ನೂ ಒತ್ತಿ ಹಿಡಿಯೋ ಗಟ್ಟಿ ಸಿಲಿಂಡರ್. ಸಿಲಿಂಡರ್ ಅಂದ್ರೆ ಒಂದು ಲೋಟ ಅಂದುಕೊಳ್ಳಿ. ಅದರೊಳಗೆ ಮೇಲೆ ಕೆಳಗೆ ಆಡೋ ಮುಚ್ಚಳ ಪಿಸ್ಟನ್. ಪೆಟ್ರೋಲ್ ಬೆರೆತ ಗಾಳಿಯನ್ನು ಪಿಸ್ಟನ್ ಮೇಲಕ್ಕೆ ಒತ್ತಿ ಹಿಂಡುತ್ತೆ, ಪ್ಲಗ್ ಕಿಡಿ ಹಾರಿಸುತ್ತೆ, ಒಳಗೆ ಬೆಂಕಿ ಹತ್ತಿ ಬಿಸಿ ಗಾಳಿ ಉಬ್ಬುತ್ತೆ, ಪಿಸ್ಟನ್ ಕೆಳಕ್ಕೆ ಒದೆಸಿಕೊಳ್ಳುತ್ತೆ. ಆ ಒದೆತ ಕನೆಕ್ಟಿಂಗ್ ರಾಡ್ ಮೂಲಕ ಕ್ರ್ಯಾಂಕ್ ತಿರುಗಿಸುತ್ತೆ. ಹಳೇ ಹೊಲಿಗೆ ಮಷೀನಿನಲ್ಲಿ ಕಾಲು ಮೇಲೆ ಕೆಳಗೆ ಆಡಿದರೆ ಗಾಲಿ ತಿರುಗುತ್ತಲ್ಲ, ಅದೇ ಲೆಕ್ಕ.

ಬ್ಯಾಟರಿ ಇಲ್ಲದೆ ಕಿಡಿ ಎಲ್ಲಿಂದ ಬಂತು? ಹಗ್ಗದ ಹಿಂದಿರೋ ಭಾರದ ಚಕ್ರದ ಅಂಚಿನಲ್ಲಿ ಒಂದು ಅಯಸ್ಕಾಂತ ಕೂರಿಸಿರ್ತಾರೆ. ಅದು ಪಕ್ಕದ ಕಾಯಿಲ್ ಮುಂದೆ ಜೋರಾಗಿ ಹಾದು ಹೋದಾಗ ಕರೆಂಟ್ ಹುಟ್ಟಿ, ಸಾವಿರಾರು ವೋಲ್ಟ್ ಆಗಿ ಪ್ಲಗ್ ತುದಿಯ ಸಂದಿಯಲ್ಲಿ ಹಾರುತ್ತೆ. ಮೆಲ್ಲಗೆ ಹಗ್ಗ ಎಳೆದರೆ ಚಕ್ರ ಮೆಲ್ಲಗೆ ತಿರುಗುತ್ತೆ, ಕಿಡಿ ಬರೋದೇ ಇಲ್ಲ. ಹಾಗಂತ ಮೊದಲಿಂದಲೇ ಜಗ್ಗಿದರೆ ಹಗ್ಗ ಕಿತ್ತು ಬರುತ್ತೆ. ಮೊದಲು ನಿಧಾನಕ್ಕೆ ಎಳೆದು, ಬಿಗಿ ಸಿಕ್ಕಿದ ಮೇಲೆ ಒಂದೇ ಉಸಿರಿಗೆ ಜೋರಾಗಿ ಎಳೆಯಬೇಕು.

ಪೆಟ್ರೋಲ್‌ಗಿಂತ ಜಾಸ್ತಿ ಈ ಎಂಜಿನ್ ತಿನ್ನೋದು ಗಾಳಿ. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲ್‌ಗೆ ಸುಮಾರು 14.7 ಪಾಲು ಗಾಳಿ ಬೇಕು. ಅಂದ್ರೆ ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿಯೋಕೆ ಹೆಚ್ಚುಕಡಿಮೆ 9 ಸಾವಿರ ಲೀಟರ್ ಗಾಳಿ! ಈ ಲೆಕ್ಕ ನೆನಪಿರಲಿ, ಅಂಗಡಿಯ ಜನರೇಟರ್ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತೆ.

ಟೂ ಸ್ಟ್ರೋಕ್, ಫೋರ್ ಸ್ಟ್ರೋಕ್: ಎಡವೋದು ಇಲ್ಲೇ

1876ರಲ್ಲಿ ಜರ್ಮನಿಯ ನಿಕೋಲಸ್ ಓಟೊ ಓಡಿಸಿ ತೋರಿಸಿದ್ದು ಫೋರ್ ಸ್ಟ್ರೋಕ್ ಎಂಜಿನ್. ಪಿಸ್ಟನ್ ಕೆಳಗಿಳಿದು ಗಾಳಿ ಎಳೆದುಕೊಳ್ಳುತ್ತೆ, ಮೇಲೇರಿ ಒತ್ತುತ್ತೆ, ಬೆಂಕಿಯ ಒದೆತಕ್ಕೆ ಕೆಳಗಿಳಿಯುತ್ತೆ, ಮತ್ತೆ ಮೇಲೇರಿ ಹೊಗೆ ಹೊರಗೆ ದಬ್ಬುತ್ತೆ. ನಾಲ್ಕು ನಡೆ, ಎರಡು ಸುತ್ತು, ಒಂದು ಒದೆತ. ಬಾಗಿಲು ತೆಗೆದು ಹಾಕೋಕೆ ವಾಲ್ವ್‌ಗಳಿರ್ತವೆ. ಕೆಳಗಿನ ಪೆಟ್ಟಿಗೆಯಲ್ಲಿ ಎಂಜಿನ್ ಆಯಿಲ್ ಬೇರೆಯೇ ತುಂಬಿರುತ್ತೆ. ಅಂಗಡಿಯ ಜನರೇಟರ್‌ಗಳು ಬಹುತೇಕ ಇದೇ ಜಾತಿ.

ಟೂ ಸ್ಟ್ರೋಕ್‌ನಲ್ಲಿ ವಾಲ್ವ್ ಇಲ್ಲ. ಸಿಲಿಂಡರ್ ಗೋಡೆಯಲ್ಲಿ ಕಿಟಕಿಗಳಂಥ ತೂತುಗಳಿರ್ತವೆ, ಪಿಸ್ಟನ್ನೇ ಅವನ್ನ ಮುಚ್ಚಿ ತೆರೆಯುತ್ತೆ. ಸುತ್ತಿಗೊಂದು ಒದೆತ. ಪೆಟ್ರೋಲ್ ಬೆರೆತ ಗಾಳಿ ಮೊದಲು ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಪೆಟ್ಟಿಗೆಗೆ ಬಂದು, ಅಲ್ಲಿಂದ ಮೇಲಕ್ಕೆ ಹೋಗುತ್ತೆ. ಗುಟ್ಟಿರೋದು ಇಲ್ಲೇ. ಆ ಪೆಟ್ಟಿಗೆಯಲ್ಲಿ ಪೆಟ್ರೋಲ್ ಆವಿ ಓಡಾಡೋದರಿಂದ ಅಲ್ಲಿ ಆಯಿಲ್ ತುಂಬಿಡೋಕೆ ಜಾಗವೇ ಇಲ್ಲ. ಹಾಗಾದ್ರೆ ಬೇರಿಂಗ್‌ಗೆ, ಪಿಸ್ಟನ್‌ಗೆ ಜಿಡ್ಡು ಕೊಡೋರು ಯಾರು? ಪೆಟ್ರೋಲ್ ಜೊತೆ ಬೆರೆತು ಬರೋ ಟೂಟಿ ಆಯಿಲ್ ಮಾತ್ರ.

ಐವತ್ತು ದಾಟಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. 1980ರಲ್ಲಿ ಬಂದ ಟಿವಿಎಸ್ 50, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬರ್ತಿದ್ದ ಯೆಜ್ದಿ ಎಲ್ಲವೂ ಟೂ ಸ್ಟ್ರೋಕ್. ಬಂಕ್‌ನಲ್ಲಿ ಪೆಟ್ರೋಲ್ ಹಾಕಿಸುವಾಗಲೇ ಆಯಿಲ್ ಬೆರೆಸಿಕೊಂಡು ಬರೋದು ರೂಢಿಯಾಗಿತ್ತು. 2015ರಲ್ಲಿ ಬಂದ ಎಕ್ಸ್‌ಎಲ್ 100 ಫೋರ್ ಸ್ಟ್ರೋಕ್ ಆಯ್ತು. ಬೈಕಿಗೆ ಪೆಟ್ರೋಲ್ ಹಾಕಿಸೋದು ಬಿಟ್ಟರೆ ಬೇರೆ ಗೊತ್ತಿಲ್ಲದ ಹುಡುಗರು ಈಗ ವೀಡ್ ಕಟರ್ ಹಿಡಿದಿದ್ದಾರೆ. ಬೈಕಿನ ಟ್ಯಾಂಕಿಂದ ಪೈಪ್ ಕಿತ್ತು ಅರ್ಧ ಲೀಟರ್ ಬರೀ ಪೆಟ್ರೋಲ್ ಇಳಿಸಿ ಮಷೀನಿಗೆ ಸುರಿಯೋದು ಇವತ್ತಿಗೂ ನಡೆಯೋ ಕೆಲಸ.

ಆಮೇಲೇನಾಗುತ್ತೆ? ಮಾರುಕಟ್ಟೆಯಲ್ಲಿ ಸಿಗೋ 43 ಅಥವಾ 52 ಸಿಸಿಯ ಟೂ ಸ್ಟ್ರೋಕ್ ಕಟರ್ ಹುಲ್ಲು ಹೊಡೆಯುವಾಗ ನಿಮಿಷಕ್ಕೆ 7 ಸಾವಿರ ಸುತ್ತು ತಿರುಗುತ್ತೆ ಅಂತಿಟ್ಟುಕೊಳ್ಳಿ. ಸೆಕೆಂಡಿಗೆ 116 ಸಲ ಬೆಂಕಿ. ಪಿಸ್ಟನ್ ಅಲ್ಯೂಮಿನಿಯಮ್, ಬಿಸಿಗೆ ಬೇಗ ಹಿಗ್ಗುತ್ತೆ. ಅದಕ್ಕೂ ಸಿಲಿಂಡರ್ ಗೋಡೆಗೂ ನಡುವೆ ಇರಬೇಕಾದ ಎಣ್ಣೆಯ ಪೊರೆ ಇಲ್ಲದಿದ್ದರೆ ಲೋಹ ಲೋಹಕ್ಕೆ ಉಜ್ಜಿ, ಗೀರು ಬಿದ್ದು, ಕಚ್ಚಿಕೊಂಡು ಬಿಡುತ್ತೆ. ಇದನ್ನೇ 'ಸೀಜ್ ಆಯ್ತು' ಅನ್ನೋದು. ಒಂದು ಟ್ಯಾಂಕ್ ಖಾಲಿಯಾಗೋ ತನಕವೂ ಕಾಯಲ್ಲ, ನಿಮಿಷಗಳಲ್ಲೇ ಮುಗಿಯುತ್ತೆ. ಆಮೇಲೆ ಪಿಸ್ಟನ್, ರಿಂಗ್, ಸಿಲಿಂಡರ್ ಎಲ್ಲ ಹೊಸದು. ಉಳಿಸಿದ್ದು ಎಷ್ಟು ಗೊತ್ತಾ? ಒಂದು ಲೀಟರ್‌ಗೆ 20ರಿಂದ 40 ಎಂಎಲ್ ಆಯಿಲ್.

ಬೆರೆಸೋ ಅಳತೆ ಮಷೀನಿನ ಮೇಲೋ ಕೈಪಿಡಿಯಲ್ಲೋ ಬರೆದಿರುತ್ತೆ. 25:1 ಅಂದ್ರೆ ಲೀಟರ್ ಪೆಟ್ರೋಲ್‌ಗೆ 40 ಎಂಎಲ್, 50:1 ಅಂದ್ರೆ 20 ಎಂಎಲ್. ಕಣ್ಣಳತೆ ಬೇಡ. ಮೆಡಿಕಲ್ ಶಾಪ್‌ನಲ್ಲಿ ಸಿಗೋ ಸಿರಿಂಜ್ ಒಂದು ಇಟ್ಟುಕೊಂಡರೆ ಸಾಕು. 'ಜಾಸ್ತಿ ಹಾಕಿದ್ರೆ ಒಳ್ಳೇದೇ ಅಲ್ವಾ' ಅನ್ನೋ ಲೆಕ್ಕವೂ ಸರಿಯಲ್ಲ. ಹೊಗೆ ಕಟ್ಟುತ್ತೆ, ಪ್ಲಗ್ ಕಪ್ಪಾಗುತ್ತೆ, ಸೈಲೆನ್ಸರ್ ಬಾಯಲ್ಲಿ ಮಸಿ ಕೂತು ಎಂಜಿನ್ ಉಸಿರು ಕಟ್ಟುತ್ತೆ. ಬೈಕಿನ ಎಂಜಿನ್ ಆಯಿಲ್ ಸುರಿಯೋದಂತೂ ಬೇಡವೇ ಬೇಡ, ಅದು ಉರಿಯೋಕೆ ಮಾಡಿದ ಆಯಿಲ್ ಅಲ್ಲ.

ಇನ್ನು ಫೋರ್ ಸ್ಟ್ರೋಕ್ ತಗೊಂಡವರ ತಪ್ಪು ಬೇರೆ ಥರ. ಹೊಸ ಜನರೇಟರ್ ಸಾಮಾನ್ಯವಾಗಿ ಎಂಜಿನ್ ಆಯಿಲ್ ಇಲ್ಲದೆ ಒಣಗಿದ ಪೆಟ್ಟಿಗೆಯಲ್ಲೇ ಬರುತ್ತೆ. ಬಿಚ್ಚಿದ ಖುಷಿಗೆ ಪೆಟ್ರೋಲ್ ಹಾಕಿ ಹಗ್ಗ ಎಳೆದರೆ ಹೊಸ ಎಂಜಿನ್‌ಗೂ ಅದೇ ಗತಿ. ಮೊದಲ ಆಯಿಲ್ ಬೇಗ ಬದಲಿಸಬೇಕು ಅಂತ ಕೈಪಿಡಿ ಹೇಳೋದಕ್ಕೂ ಕಾರಣ ಇದೆ. ಹೊಸ ಲೋಹ ಉಜ್ಜಿ ಬಿಟ್ಟ ಪುಡಿಯೆಲ್ಲ ಆ ಮೊದಲ ಆಯಿಲ್‌ನಲ್ಲೇ ಇರುತ್ತೆ.

ಟೂ ಸ್ಟ್ರೋಕ್ ಇಷ್ಟು ರಗಳೆ ಅಂದ್ಮೇಲೆ ಯಾಕೆ ಬೇಕು ಅನ್ನೋರಿಗೆ ಉತ್ತರ ತೂಕ. ವಾಲ್ವ್, ಕ್ಯಾಮ್, ಆಯಿಲ್ ಪೆಟ್ಟಿಗೆ ಯಾವುದೂ ಇಲ್ಲದ್ದರಿಂದ ಹೆಗಲಿಗೆ ಹಗುರ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ ಅಡಿಕೆ ಮರ ಹತ್ತೋ 'ಬೈಕ್' ಮಾಡಿದ್ದು ನೆನಪಿರಬಹುದು, 2019ರಲ್ಲಿ ಅದರ ವಿಡಿಯೊ ದೇಶವೆಲ್ಲ ಓಡಾಡಿತ್ತು. ಮನುಷ್ಯನನ್ನು ಹೊತ್ತು ಮರ ಹತ್ತೋ ಆ ಯಂತ್ರದಲ್ಲಿದ್ದದ್ದೂ ಸಣ್ಣ ಪೆಟ್ರೋಲ್ ಎಂಜಿನ್ನೇ.

ಕ್ಯಾನ್‌ನಲ್ಲಿ ಕೆಟ್ಟ ಪೆಟ್ರೋಲ್

ಈಗ ಮೊದಲಿನ ಪ್ರಶ್ನೆಗೆ ಬರೋಣ. ಹೋದ ಸೀಸನ್‌ನಲ್ಲಿ ಚೆನ್ನಾಗೇ ಓಡಿದ ಮಷೀನು ಮುಟ್ಟದೆ ಇಟ್ಟರೂ ಕೆಟ್ಟಿದ್ದು ಹೇಗೆ?

ಪೆಟ್ರೋಲ್ ಅಕ್ಕಿಯಂತೆ ವರ್ಷಗಟ್ಟಲೆ ಇಡೋ ಸಾಮಾನಲ್ಲ. ತಿಂಗಳು ಕಳೆದರೆ ಅದರ ಹಗುರ ಭಾಗ ಆವಿಯಾಗಿ, ಬೇಗ ಬೆಂಕಿ ಹತ್ತೋ ಗುಣ ಕಡಿಮೆಯಾಗುತ್ತೆ. ಉಳಿದದ್ದು ಅಂಟಾಗಿ ಕಾರ್ಬುರೇಟರ್ ಒಳಗೆ ಕೂರುತ್ತೆ. ಕಾರ್ಬುರೇಟರ್ ಅನ್ನೋದು ಗಾಳಿ ಹಾದುಹೋಗೋ ಒಂದು ಇಕ್ಕಟ್ಟಾದ ಕೊಳವೆ. ಇಕ್ಕಟ್ಟಿನಲ್ಲಿ ಗಾಳಿ ವೇಗ ಪಡೆದು ಪೆಟ್ರೋಲ್‌ನ ಎಳೆದುಕೊಳ್ಳುತ್ತೆ. ಪೆಟ್ರೋಲ್ ಬರೋ ಜೆಟ್‌ನ ತೂತು ಸೂಜಿ ಮೊನೆಯಷ್ಟು. ಅಂಟಿನ ಒಂದು ಕಣ ಸಾಕು ಮುಚ್ಚೋಕೆ.

ಇದರ ಜೊತೆಗೆ ಎಥೆನಾಲ್ ಸೇರಿಕೊಂಡಿದೆ. 2023ರ ಫೆಬ್ರುವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಶೇ 20 ಎಥೆನಾಲ್ ಬೆರೆತ ಪೆಟ್ರೋಲ್‌ಗೆ ಚಾಲನೆ ಕೊಟ್ಟರು. 2025ರ ಹೊತ್ತಿಗೆ ದೇಶದ ಬಹುತೇಕ ಬಂಕ್‌ಗಳಲ್ಲಿ ಅದೇ ಸಿಗೋ ಹಾಗಾಯ್ತು. ಎಥೆನಾಲ್ ಬರೋದು ಕಬ್ಬು, ಮೆಕ್ಕೆಜೋಳ, ಅಕ್ಕಿಯಿಂದ. ಬೆಳೆಗಾರನಿಗೆ ಒಳ್ಳೇ ಸುದ್ದಿಯೇ ಇರಬಹುದು, ಆದ್ರೆ ಅದೇ ಬೆಳೆಗಾರನ ಕೊಟ್ಟಿಗೆಯ ಹಳೇ ಮಷೀನಿಗೆ ಅಷ್ಟು ಒಳ್ಳೇದಲ್ಲ. ಹಲವು ಸಣ್ಣ ಎಂಜಿನ್‌ಗಳ ಕೈಪಿಡಿಯಲ್ಲಿ ಶೇ 10ಕ್ಕಿಂತ ಹೆಚ್ಚು ಎಥೆನಾಲ್ ಬೇಡ ಅಂತಲೇ ಬರೆದಿದೆ.

ಎಥೆನಾಲ್ ಗಾಳಿಯ ತೇವ ಹೀರುತ್ತೆ. ಮಳೆಗಾಲದಲ್ಲಿ, ಅರ್ಧ ಖಾಲಿ ಕ್ಯಾನ್‌ನಲ್ಲಿ, ಸಡಿಲ ಮುಚ್ಚಳದ ಟ್ಯಾಂಕ್‌ನಲ್ಲಿ ಇದು ಬೇಗ ಆಗುತ್ತೆ. ನೀರು ಮಿತಿ ಮೀರಿದಾಗ ಎಥೆನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಎಂಜಿನ್ ಹೀರೋದು ತಳದಿಂದಲೇ ಅಲ್ವಾ? ಸ್ಟಾರ್ಟ್ ಆಗಲ್ಲ. ಟೂ ಸ್ಟ್ರೋಕ್‌ನಲ್ಲಿ ಇನ್ನೊಂದು ಅಪಾಯ ಇದೆ. ನೀವು ಅಳೆದು ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲ್ ಜೊತೆಗೇ ಉಳಿಯುತ್ತೆ. ತಳದಿಂದ ಹೋಗೋದರಲ್ಲಿ ಜಿಡ್ಡೇ ಇರಲ್ಲ. 'ಆಯಿಲ್ ಹಾಕಿದ್ದೆ, ಆದ್ರೂ ಸೀಜ್ ಆಯ್ತು' ಅಂತ ತಲೆ ಕೆಡಿಸಿಕೊಳ್ಳೋರು ಕ್ಯಾನ್‌ನ ವಯಸ್ಸೂ ನೆನಪು ಮಾಡಿಕೊಳ್ಳಬೇಕು.

ಅನುಮಾನ ಇದ್ದರೆ ಕ್ಯಾನ್‌ನ ತಳದ ಪೆಟ್ರೋಲ್ ಸ್ವಲ್ಪ ಗಾಜಿನ ಬಾಟಲಿಗೆ ಬಸಿದು ಹತ್ತು ನಿಮಿಷ ಅಲ್ಲಾಡಿಸದೆ ಇಡಿ. ತಳದಲ್ಲಿ ಬೇರೆ ಪದರ ಕಂಡರೆ ಅದನ್ನ ಎಂಜಿನ್‌ಗೆ ಹಾಕಬೇಡಿ.

ಕಟರ್‌ನ ಕಾರ್ಬುರೇಟರ್‌ನಲ್ಲಿ ಡಯಾಫ್ರಮ್ ಅನ್ನೋ ತೆಳು ಪೊರೆ ಇರುತ್ತೆ. ಮಷೀನು ಅಡ್ಡ ಹಿಡಿದರೂ ತಲೆಕೆಳಗು ಮಾಡಿದರೂ ಪೆಟ್ರೋಲ್ ಹೋಗೋದು ಅದರ ದೆಸೆಯಿಂದ. ಒಣಗಿ ಗಡುಸಾದರೆ ಅದು ಮಿಡಿಯೋದು ನಿಲ್ಲಿಸುತ್ತೆ. ಜನರೇಟರ್‌ನಲ್ಲಿರೋದು ತೇಲುಗುಂಡಿನ ಕಾರ್ಬುರೇಟರ್, ಮನೆ ಮೇಲಿನ ಸಿಂಟೆಕ್ಸ್‌ನ ಬಾಲ್ ವಾಲ್ವ್ ಥರ. ಅದಕ್ಕೇ ಜನರೇಟರ್ ಸಮತಟ್ಟಾಗಿ ಕೂತಿರಬೇಕು.

ಮೆಕ್ಯಾನಿಕ್ ಹತ್ರ ಹೋಗೋ ಮುಂಚೆ

ಮೊದಲು ಸ್ವಿಚ್ ಆನ್ ಇದೆಯಾ ನೋಡಿ. ನಗಬೇಡಿ, ಎಷ್ಟೋ ಮಷೀನು ಬರೀ ಇದಕ್ಕೇ ಪೇಟೆ ನೋಡಿ ಬಂದಿವೆ. ಹಳೇ ಪೆಟ್ರೋಲ್ ಪೂರ್ತಿ ತೆಗೆದು ಹೊಸದು ಹಾಕಿ. ಪ್ಲಗ್ ಬಿಚ್ಚಿ ನೋಡಿ. ಒಣಗಿದ್ದರೆ ಪೆಟ್ರೋಲ್ ಬರ್ತಿಲ್ಲ ಅಂತ ಅರ್ಥ, ಫಿಲ್ಟರ್, ಪೈಪ್, ಕಾರ್ಬುರೇಟರ್ ಕಡೆ ಹುಡುಕಬೇಕು. ಒದ್ದೆಯಾಗಿ ವಾಸನೆ ಹೊಡೆದರೆ ಪೆಟ್ರೋಲ್ ಜಾಸ್ತಿ ಕುಡಿದಿದೆ, ಇಲ್ಲವೇ ಕಿಡಿ ಇಲ್ಲ. ಚೋಕ್ ಅನ್ನೋದು ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಹೆಚ್ಚು ಕೊಡೋ ಬಾಗಿಲು. ತಣ್ಣಗಿದ್ದಾಗ ಬೇಕು, ಎಂಜಿನ್ ಬಿಸಿ ಇದ್ದಾಗಲೂ ಹಾಕಿ ಎಳೆದರೆ ಪ್ಲಗ್ ತೋಯುತ್ತೆ. ಹಾಗಾದಾಗ ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದು, ಐದಾರು ಸಲ ಹಗ್ಗ ಎಳೆದು ಒಳಗಿನ ಪೆಟ್ರೋಲ್ ಹೊರಹಾಕಿ, ಪ್ಲಗ್ ಒಣಗಿಸಿ ಹಾಕಿದರೆ ಸರಿ. ಪೆಟ್ರೋಲ್ ಚೆಲ್ಲಿರೋ ಜಾಗದಲ್ಲಿ ಕಿಡಿ ಪರೀಕ್ಷೆ ಮಾಡೋ ಸಾಹಸ ಬೇಡ.

ಬೇಸಿಗೆಯಲ್ಲಿ ಕಡೂರಿನ ಬಯಲು ಧೂಳಿಗೆ ಏರ್ ಫಿಲ್ಟರ್ ಎಷ್ಟು ಬೇಗ ಕಟ್ಟುತ್ತೆ ಅಂತ ಬೇರೆ ಹೇಳಬೇಕಿಲ್ಲ. ಸ್ಪಂಜಿನ ಫಿಲ್ಟರ್ ಆದರೆ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ, ಕೈಪಿಡಿ ಹೇಳಿದ್ದರೆ ಎರಡು ಹನಿ ಆಯಿಲ್ ಹಾಕಿ ಹಿಂಡಿ ಕೂರಿಸಿ. 'ಫಿಲ್ಟರ್ ತೆಗೆದರೆ ಪಿಕಪ್ ಚೆನ್ನಾಗಿರುತ್ತೆ' ಅಂತ ಕಿತ್ತೆಸೆಯೋರು ಇದ್ದಾರೆ. ಒಳಗೆ ಹೋಗೋ ಮಣ್ಣು ಪಿಸ್ಟನ್‌ಗೆ ಉಪ್ಪುಕಾಗದ ಉಜ್ಜಿದ ಹಾಗೆ.

ಅಂಗಡಿಯವರು ಇದನ್ನ ತಪ್ಪದೆ ಓದಿ

ವೀಡ್ ಕಟರ್ ಕೆಟ್ಟರೆ ಹೋಗೋದು ದುಡ್ಡು. ಜನರೇಟರ್ ತಪ್ಪಾಗಿ ಇಟ್ಟರೆ ಹೋಗೋದು ಜೀವ.

ಮೇಲೆ ಹೇಳಿದ 9 ಸಾವಿರ ಲೀಟರ್ ಗಾಳಿಯ ಲೆಕ್ಕ ಈಗ ತಗೊಳ್ಳಿ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಅಂಗಡಿಯಲ್ಲಿ ಇರೋ ಒಟ್ಟು ಗಾಳಿ ಸುಮಾರು 34 ಸಾವಿರ ಲೀಟರ್. ಅದಷ್ಟನ್ನೂ ಸುಡೋಕೆ ನಾಲ್ಕು ಲೀಟರ್‌ಗೂ ಕಡಿಮೆ ಪೆಟ್ರೋಲ್ ಸಾಕು. ಆದ್ರೆ ಅಷ್ಟು ದೂರ ಹೋಗೋದೇ ಬೇಕಿಲ್ಲ. ಪೆಟ್ರೋಲ್ ಪೂರ್ತಿ ಉರಿಯದೆ ಇದ್ದಾಗ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿ ಹುಟ್ಟುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಹೊರೋ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. 'ಬೆಳಗ್ಗೆ ತಿಂಡಿ ಸರಿ ಆಗಿಲ್ಲ' ಅಂದುಕೊಂಡು ಕೂತವರಿಗೆ ಎದ್ದು ಹೊರಗೆ ಬರೋ ಶಕ್ತಿಯೇ ಉಳಿದಿರಲ್ಲ.

ಮಳೆ ಬರ್ತಿದೆ ಅಂತಲೋ, ಕಳ್ಳರ ಭಯಕ್ಕೋ, ಸದ್ದು ಕಡಿಮೆಯಾಗಲಿ ಅಂತಲೋ ಜನರೇಟರ್‌ನ ಒಳಗಿಟ್ಟು ಶಟರ್ ಅರ್ಧ ಎಳೆಯೋದು, ಮೆಟ್ಟಿಲ ಕೆಳಗೆ ಇಡೋದು, ಹಿಂದಿನ ಗೋಡೌನ್‌ನಲ್ಲಿ ಓಡಿಸೋದು ಯಾವುದೂ ಬೇಡ. ಫ್ಯಾನ್ ಹಾಕಿದರೂ, ಕಿಟಕಿ ತೆರೆದರೂ ಸಾಲದು. ಬಾಗಿಲು, ಕಿಟಕಿಯಿಂದ ಕನಿಷ್ಠ 20 ಅಡಿ ದೂರ, ಸೈಲೆನ್ಸರ್ ಬಾಯಿ ಆಚೆ ಕಡೆಗೆ ಇರಬೇಕು. ಪೇಟೆಯ ಇಕ್ಕಟ್ಟಿನಲ್ಲಿ 20 ಅಡಿ ಎಲ್ಲಿ ಸಿಗುತ್ತೆ ಅನ್ನೋದು ನ್ಯಾಯವಾದ ಪ್ರಶ್ನೆಯೇ. ಜಾಗ ಇಲ್ಲದವರಿಗೆ ಎರಡು ಬಲ್ಬು, ಒಂದು ಬಿಲ್ಲಿಂಗ್ ಮಷೀನಿಗೆ ಇನ್ವರ್ಟರೇ ಸರಿ. ಪಕ್ಕದ ಅಂಗಡಿಯವರ ಬಾಗಿಲಿಗೆ ಹೊಗೆ ತಿರುಗಿಸೋದಂತೂ ಪರಿಹಾರ ಅಲ್ಲ.

ಇನ್ನೊಂದು ವಿಷಯ. ಸಾಮಾನ್ಯ ಜನರೇಟರ್ ನಿಮಿಷಕ್ಕೆ 3 ಸಾವಿರ ಸುತ್ತಿಗೆ ಕಟ್ಟಿರ್ತಾರೆ, ಅಂದ್ರೆ ಸೆಕೆಂಡಿಗೆ 50. ನಮ್ಮ ಮನೆಗೆ ಬರೋ ಕರೆಂಟ್‌ನ 50 ಹರ್ಟ್ಸ್ ಅದೇ 50. ಲೋಡ್ ಬಿದ್ದಾಗ ವೇಗ ಬೀಳದ ಹಾಗೆ ಗವರ್ನರ್ ಅನ್ನೋ ಭಾಗ ಥ್ರಾಟಲ್ ತೆರೆದು ಮುಚ್ಚಿ ನೋಡಿಕೊಳ್ಳುತ್ತೆ. ಬಲ್ಬ್ ಡಿಮ್ ಅಂತ ಗವರ್ನರ್ ಸ್ಪ್ರಿಂಗ್ ಬಿಗಿ ಮಾಡಿದರೆ ವೋಲ್ಟೇಜ್ ಏರಿ ಫ್ರಿಜ್, ಕಂಪ್ಯೂಟರ್ ಸುಟ್ಟಾವು. ಜನರೇಟರ್ ವೈರನ್ನ ಗೋಡೆಯ ಸಾಕೆಟ್‌ಗೆ ಚುಚ್ಚೋದು ಅದಕ್ಕಿಂತ ಕೆಟ್ಟ ಕೆಲಸ. ಆ ಕರೆಂಟ್ ಹಿಂದಕ್ಕೆ ಹರಿದು ಕಂಬ ಹತ್ತಿರೋ ಮೆಸ್ಕಾಂ ಲೈನ್‌ಮನ್ ಜೀವಕ್ಕೆ ಕುತ್ತು ತರಬಹುದು. ಎಲೆಕ್ಟ್ರಿಷಿಯನ್ ಕರೆಸಿ ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಓಡ್ತಿರೋ, ಬಿಸಿ ಇರೋ ಎಂಜಿನ್‌ಗೆ ಪೆಟ್ರೋಲ್ ಸುರಿಯಬೇಡಿ. ಗಿರಾಕಿ ಎರಡು ನಿಮಿಷ ಕತ್ತಲಲ್ಲಿ ನಿಂತರೆ ನಷ್ಟ ಏನಿಲ್ಲ.

ಸೀಸನ್ ಮುಗಿದಾಗ ಹೀಗೆ ಎತ್ತಿಡಿ

ಮುಂದಿನ ಮುಂಗಾರಿಗೆ ಮೆಕ್ಯಾನಿಕ್ ಮುಂದೆ ಸಾಲು ನಿಲ್ಲಬಾರದು ಅಂದ್ರೆ ಕೆಲಸ ಇರೋದು ಕೊನೇ ದಿನ. ಟ್ಯಾಂಕ್‌ನ ಪೆಟ್ರೋಲ್ ಪೂರ್ತಿ ಬಸಿದು ಬೇರೆ ಕಡೆ ಬಳಸಿ. ಟೂಟಿ ಬೆರೆತದ್ದು ಫೋರ್ ಸ್ಟ್ರೋಕ್ ಬೈಕಿಗೆ ಬೇಡ, ಇನ್ನೊಂದು ಟೂ ಸ್ಟ್ರೋಕ್ ಮಷೀನಿಗೇ ಹೋಗಲಿ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ಕಾರ್ಬುರೇಟರ್‌ನಲ್ಲಿ ಉಳಿದದ್ದು ಮುಗಿದು ತಾನಾಗೇ ನಿಲ್ಲೋ ತನಕ ಬಿಡಿ. ಪ್ಲಗ್ ಬಿಚ್ಚಿ, ಆ ತೂತಿಗೆ ಅರ್ಧ ಚಮಚ ಆಯಿಲ್ ಬಿಟ್ಟು (ಕಟರ್‌ಗೆ ಟೂಟಿ, ಜನರೇಟರ್‌ಗೆ ಎಂಜಿನ್ ಆಯಿಲ್) ಹಗ್ಗ ಮೆಲ್ಲಗೆ ಎರಡು ಸಲ ಎಳೆದು ಪ್ಲಗ್ ವಾಪಸ್ ಕೂರಿಸಿ. ಜನರೇಟರ್ ಆದರೆ ಹಗ್ಗ ಎಳೆಯುವಾಗ ಬಿಗಿ ಸಿಕ್ಕೋ ಜಾಗದಲ್ಲೇ ನಿಲ್ಲಿಸಿ ಬಿಡಿ. ಆ ಜಾಗದಲ್ಲಿ ಎರಡು ವಾಲ್ವೂ ಮುಚ್ಚಿರ್ತವೆ, ತೇವ ಒಳಗೆ ಹೋಗಲ್ಲ. ಕ್ಯಾನ್ ಮೇಲೆ ಪೆಟ್ರೋಲ್ ತಂದ ತಾರೀಕು, 'ಟೂಟಿ ಬೆರೆಸಿದೆ' ಅಥವಾ 'ಬೆರೆಸಿಲ್ಲ' ಅಂತ ಮಾರ್ಕರ್‌ನಲ್ಲಿ ಬರೆದು, ಮಕ್ಕಳ ಕೈಗೆ ಸಿಗದ ಕಡೆ, ಅಡುಗೆ ಒಲೆಯಿಂದ ದೂರ ಇಡಿ.